ಮೀನು ಕಂಡಲ್ಲಿ ಮೀನಿಲ್ಲ

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಸೊರಬದ ಕಡೆಯ ಗದ್ದೆಬಯಲುಗಳಲ್ಲಿ ಬ್ಯಾಟರಿ ಬೆಳಕು ಓಡಾಡುತ್ತದೆ. ಕೆರೆ, ಹೊಳೆಗಳಿಂದ ಹೊಸ ನೀರಿಗೆ ಎದುರಾಗಿ ಏರಿ ಬರುವ ಮೀನನ್ನು ಮಲೆನಾಡಿನವರು ಹತ್ತುಮೀನು ಎನ್ನುತ್ತಾರೆ. ಮೊಟ್ಟೆ ಇಡಲು ಹೊರಟ ಮೀನು ಅದು. ಹಿಡಿಯಬೇಕೋ ಬಿಡಬೇಕೋ ಎಂಬ ಚರ್ಚೆ ಬೇರೆಯೇ ಇದೆ, ಬಿಡುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಇಲ್ಲಿ ಹೇಳಹೊರಟಿರುವುದು ಆ ಮೀನಿಗೆ ಬೀಸುವ ಕತ್ತಿಯ ವಿಚಾರ. ಗೇಣುದ್ದ ನೀರಿನಲ್ಲಿ ಮೀನು ಸ್ಪಷ್ಟವಾಗಿ ಕಾಣುತ್ತಿದ್ದರೂ ದೂರ ನಿಂತು ಓರೆಯಾಗಿ ಚುಚ್ಚಿದರೆ ಏಟು ಮೀನಿನ ಆಚೆ ಬೀಳುತ್ತದೆ. ಹತ್ತಿರ ಹೋಗಿ ಮೀನಿನ ನೇರ ಮೇಲಿಂದ ಕೈ ಇಳಿಸಿದರೆ ಬೀಳಬೇಕಾದಲ್ಲೇ ಬೀಳುತ್ತದೆ.

ಲೆಕ್ಕ ಹಾಕಿ ನೋಡೋಣ. ನೀರು 20 ಸೆಂಟಿಮೀಟರ್ ಆಳವಿದೆ, ಮೀನು ತಳದಲ್ಲಿದೆ, ನೀವು 45 ಡಿಗ್ರಿ ಓರೆಯಲ್ಲಿ ನೋಡುತ್ತಿದ್ದೀರಿ ಎಂದುಕೊಳ್ಳಿ. ಎರಡೂ ಕಣ್ಣು ತೆರೆದು ನೋಡುವವರಿಗೆ ಆ ಮೀನು ತಾನಿದ್ದ ಜಾಗದಿಂದ ನೇರ ಮೇಲಕ್ಕೆ ಬಂದು, ಹನ್ನೆರಡೂವರೆ ಸೆಂಟಿಮೀಟರ್ ಆಳದಲ್ಲಿ ಇದ್ದಂತೆ ಕಾಣುತ್ತದೆ. ಕಣ್ಣು ತೋರಿಸಿದ ಗೆರೆಯಲ್ಲೇ ಕತ್ತಿ ಹೋದರೆ ಅದು ತಳ ಮುಟ್ಟುವ ಹೊತ್ತಿಗೆ ಮೀನಿನಿಂದ ಏಳೂವರೆ ಸೆಂಟಿಮೀಟರ್ ಆಚೆ ಇರುತ್ತದೆ. ಗೇಣುದ್ದದ ಮೀನಿಗೆ ಅಷ್ಟು ಅಂತರ ಸಾಕು, ತಪ್ಪಿಸಿಕೊಂಡು ಹೋಗುತ್ತದೆ. ಮೇಲಿಂದ ನೇರ ಇಳಿಯುವ ಕತ್ತಿಗೆ ಈ ತೊಂದರೆ ಇಲ್ಲ. ಮೀನು ಎಷ್ಟು ಮೇಲೆದ್ದು ಕಂಡರೂ ಕಂಡ ಮೀನೂ ನಿಜದ ಮೀನೂ ಒಂದೇ ಲಂಬ ಗೆರೆಯ ಮೇಲೆ ಇರುತ್ತವೆ.

ಸೊರಬ, ಸಾಗರ, ಶಿಕಾರಿಪುರದ ಕಡೆಯ ಕೆರೆಬೇಟೆಯಲ್ಲಿ ಹಿಡಿಯುವ ಕೂಣಿಯೂ ಹಾಗೇ ನೇರ ಕೆಳಗೆ ಊರುವ ಸಾಧನ. ಬೇಸಿಗೆಯಲ್ಲಿ ಕೆರೆ ಬತ್ತುತ್ತ ಬಂದಾಗ ಊರವರು ದಿನ ಗೊತ್ತುಮಾಡಿ ಒಟ್ಟಿಗೆ ನೀರಿಗಿಳಿಯುತ್ತಾರೆ. ನೂರಾರು ಕಾಲು ತುಳಿದು ಕೆರೆಯೆಲ್ಲ ಬಗ್ಗಡ. ಅಲ್ಲಿ ಕಣ್ಣಿಗೆ ಕೆಲಸವೇ ಇಲ್ಲ. ತಳ ಅಗಲ, ಬಾಯಿ ಕಿರಿದಾದ ಬಿದಿರಿನ ಕೂಣಿಯನ್ನು ಕೆಸರಿಗೆ ಊರುತ್ತ ಹೋಗುವುದು, ಒಳಗೆ ಏನೋ ಬಡಿದಾಡಿದರೆ ಮೇಲಿನ ಬಾಯಿಯಿಂದ ಕೈ ಬಿಟ್ಟು ತಡಕಿ ಹಿಡಿಯುವುದು. ನೀರು ಕಣ್ಣಿಗೆ ಹೇಳುವ ಸುಳ್ಳನ್ನು ನಮ್ಮವರು ಹೀಗೆ ಕೈಯಿಂದಲೇ ದಾಟಿದ್ದಾರೆ.

ಆ ಸುಳ್ಳಿಗೆ ಶಾಲೆಯ ಪುಸ್ತಕದಲ್ಲಿ ವಕ್ರೀಭವನ ಎಂದು ಹೆಸರು. ಹತ್ತನೇ ತರಗತಿಯಲ್ಲಿ ಗಾಜಿನ ಚಪ್ಪಡಿ ಇಟ್ಟು, ಎರಡೂ ಕಡೆ ಗುಂಡುಸೂಜಿ ಚುಚ್ಚಿ, ಗೆರೆ ಎಳೆದು ಕೋನ ಅಳೆದ ನೆನಪು ಬಹಳ ಜನರಿಗೆ ಇರುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಬೆಳಕು ಯಾಕೆ ಬಾಗುತ್ತದೆ ಎಂದು ಕೇಳಿದರೆ ಹೆಚ್ಚಿನವರು ಸಾಂದ್ರ ಮಾಧ್ಯಮ, ವಿರಳ ಮಾಧ್ಯಮ ಎಂಬಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಕಾರಣ ಇರುವುದು ವೇಗದಲ್ಲಿ.

ಗಟ್ಟಿ ನೆಲದಿಂದ ಕೆಸರುಗದ್ದೆಗೆ ಓರೆಯಾಗಿ ಇಳಿಯುವ ಜೋಡೆತ್ತನ್ನು ಕಣ್ಣ ಮುಂದೆ ತಂದುಕೊಳ್ಳಿ. ಬಲಗಡೆಯ ಎತ್ತು ಮೊದಲು ಕೆಸರಿಗೆ ಕಾಲಿಟ್ಟಿತು, ಅದರ ನಡಿಗೆ ನಿಧಾನವಾಯಿತು. ಎಡಗಡೆಯದು ಇನ್ನೂ ಗಟ್ಟಿ ನೆಲದಲ್ಲೇ ಇದೆ, ಮೊದಲಿನ ವೇಗದಲ್ಲೇ ಬರುತ್ತಿದೆ. ನೊಗ ಒಂದೇ ಆದ್ದರಿಂದ ಜೋಡಿ ಬಲಕ್ಕೆ ತಿರುಗಲೇಬೇಕು. ಎರಡೂ ಕೆಸರಿಗೆ ಇಳಿದ ಮೇಲೆ ವೇಗ ಸಮವಾಗಿ ಮತ್ತೆ ನೇರ ನಡೆಯುತ್ತವೆ, ಆದರೆ ಬಂದ ದಿಕ್ಕಿನಲ್ಲಲ್ಲ. ಓರೆ ಇಲ್ಲದೆ ನೇರ ಇಳಿದಿದ್ದರೆ ಎರಡೂ ಒಮ್ಮೆಗೇ ನಿಧಾನವಾಗುತ್ತಿದ್ದವು, ತಿರುವು ಇರುತ್ತಿರಲಿಲ್ಲ. ಕೆಸರಿನಿಂದ ಗಟ್ಟಿ ನೆಲಕ್ಕೆ ಹತ್ತುವಾಗ ತಿರುವು ಇನ್ನೊಂದು ಕಡೆಗೆ.

ಬೆಳಕು ಅಲೆಯಾಗಿ ಸಾಗುತ್ತದೆ. ಅಲೆಯ ಒಂದು ತುದಿ ಮೊದಲು ನೀರು ಮುಟ್ಟಿದರೆ ಅಲ್ಲಿ ಅದರ ವೇಗ ಕಡಿಮೆಯಾಗುತ್ತದೆ, ಇನ್ನೊಂದು ತುದಿ ಅದೇ ವೇಗದಲ್ಲಿ ಬರುತ್ತಿರುತ್ತದೆ, ಅಲೆ ಇಡಿಯಾಗಿ ತಿರುಗುತ್ತದೆ. ಶೂನ್ಯದಲ್ಲಿ ಬೆಳಕಿನ ವೇಗ ಸೆಕೆಂಡಿಗೆ 2,99,792 ಕಿಲೋಮೀಟರ್. ಗಾಳಿಯಲ್ಲಿ ಹೆಚ್ಚುಕಡಿಮೆ ಅಷ್ಟೇ. ನೀರಿನಲ್ಲಿ ಸುಮಾರು 2,25,000, ಕಿಟಕಿಯ ಗಾಜಿನಲ್ಲಿ ಸುಮಾರು 2,00,000, ವಜ್ರದಲ್ಲಿ 1,24,000. ನೀರಿನ ಅಣುಗಳಲ್ಲಿರುವ ಎಲೆಕ್ಟ್ರಾನುಗಳನ್ನು ಬೆಳಕಿನ ಅಲೆ ಅಲುಗಾಡಿಸುತ್ತದೆ. ಅಲುಗಾಡಿದ ಎಲೆಕ್ಟ್ರಾನುಗಳು ತಾವೂ ಪುಟ್ಟ ಅಲೆಗಳನ್ನು ಹೊಮ್ಮಿಸುತ್ತವೆ. ಮೂಲ ಅಲೆಯೂ ಈ ಪುಟ್ಟ ಅಲೆಗಳೂ ಕೂಡಿದಾಗ ಉಂಟಾಗುವ ಅಲೆ ತುಸು ಹಿಂದೆ ಬೀಳುತ್ತದೆ. ನಾವು ನಿಧಾನ ಎನ್ನುವುದು ಇದನ್ನೇ.

ಇಷ್ಟು ಸರಳವಾಗಿ ಹೇಳಬಹುದಾದ ಈ ಮಾತಿನ ಮೇಲೆ ದೊಡ್ಡ ಜಗಳವೇ ನಡೆದಿತ್ತು. ಬೆಳಕು ಸಣ್ಣ ಕಣಗಳ ಪ್ರವಾಹ ಎಂದು ನ್ಯೂಟನ್ ನಂಬಿದ್ದ. ಕಣವನ್ನು ನೀರು ತನ್ನತ್ತ ಎಳೆದುಕೊಳ್ಳುತ್ತದೆ, ಆದ್ದರಿಂದಲೇ ದಾರಿ ಬಾಗುತ್ತದೆ ಎಂಬುದು ಅವನ ವಿವರಣೆ. ಹಾಗಾದರೆ ನೀರಿನಲ್ಲಿ ಬೆಳಕಿನ ವೇಗ ಹೆಚ್ಚಬೇಕು. ಬೆಳಕು ಅಲೆ ಎಂದು ವಾದಿಸಿದ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ ಪ್ರಕಾರ ವೇಗ ಕಡಿಮೆಯಾಗಬೇಕು. ಇಬ್ಬರ ಲೆಕ್ಕದಲ್ಲೂ ಬಾಗುವ ದಿಕ್ಕು ಒಂದೇ, ಹಾಗಾಗಿ ಕೋನ ಅಳೆದು ಯಾರು ಸರಿ ಎಂದು ಹೇಳುವಂತಿರಲಿಲ್ಲ. ವೇಗವನ್ನೇ ಅಳೆಯಬೇಕಿತ್ತು. ಒಂದೂವರೆ ಶತಮಾನ ಅದು ಯಾರಿಗೂ ಸಾಧ್ಯವಾಗಲಿಲ್ಲ. 1850ರಲ್ಲಿ ಫ್ರಾನ್ಸಿನ ಲಿಯಾನ್ ಫೂಕೋ ರಭಸದಿಂದ ತಿರುಗುವ ಕನ್ನಡಿಯೊಂದನ್ನು ಇಟ್ಟುಕೊಂಡು, ಬೆಳಕಿನ ಒಂದು ಕಿರಣವನ್ನು ಗಾಳಿಯಲ್ಲಿ, ಇನ್ನೊಂದನ್ನು ನೀರು ತುಂಬಿದ ಕೊಳವೆಯಲ್ಲಿ ಹಾಯಿಸಿದ. ನೀರಿನಲ್ಲಿ ಹಾದದ್ದು ತಡವಾಗಿ ಬಂತು. ನ್ಯೂಟನ್ನನ ಕಣವಾದಕ್ಕೆ ಅಲ್ಲಿಗೆ ದೊಡ್ಡ ಪೆಟ್ಟು ಬಿತ್ತು.

ಎಷ್ಟು ಬಾಗುತ್ತದೆ ಎಂಬ ನಿಯಮಕ್ಕೆ ನಾವು ಸ್ನೆಲ್ ಹೆಸರು ಇಟ್ಟಿದ್ದೇವೆ. ನೆದರ್ಲೆಂಡ್ಸಿನ ವಿಲ್ಲೆಬ್ರೋರ್ಡ್ ಸ್ನೆಲ್ 1621ರಲ್ಲಿ ಅದನ್ನು ಕಂಡುಕೊಂಡ, ಅಚ್ಚು ಹಾಕಿಸದೆ ತೀರಿಕೊಂಡ. 1637ರಲ್ಲಿ ಫ್ರೆಂಚ್ ತತ್ತ್ವಜ್ಞಾನಿ ಡೆಕಾರ್ಟೆ ಅದನ್ನು ಪ್ರಕಟಿಸಿದ. ಇವರಿಬ್ಬರಿಗಿಂತ ಆರೂವರೆ ಶತಮಾನ ಮೊದಲು, 984ರ ಹೊತ್ತಿಗೇ, ಬಾಗ್ದಾದಿನ ಇಬ್ನ್ ಸಹ್ಲ್ ಮಸೂರದ ಬಗ್ಗೆ ಬರೆಯುತ್ತ ಇದೇ ನಿಯಮವನ್ನು ರೇಖಾಗಣಿತದಲ್ಲಿ ಇಟ್ಟಿದ್ದ. ನಮ್ಮ ಪಠ್ಯದಲ್ಲಿ ಅವನ ಹೆಸರೂ ಬರಬೇಕಿತ್ತು.

ನಿಯಮದ ತಿರುಳು ಇಷ್ಟು: ಪ್ರತಿಯೊಂದು ವಸ್ತುವಿಗೂ ಅದರದೇ ಒಂದು ಸಂಖ್ಯೆ ಇದೆ. ಶೂನ್ಯದ ವೇಗವನ್ನು ಆ ವಸ್ತುವಿನೊಳಗಿನ ವೇಗದಿಂದ ಭಾಗಿಸಿದರೆ ಬರುವ ಸಂಖ್ಯೆ, ವಕ್ರೀಭವನ ಸೂಚ್ಯಂಕ. ನೀರಿಗೆ 1.33, ಗಾಜಿಗೆ ಸುಮಾರು 1.5, ವಜ್ರಕ್ಕೆ 2.42. ಈ ಸಂಖ್ಯೆ ದೊಡ್ಡದಾದಷ್ಟೂ ಬಾಗು ಹೆಚ್ಚು.

ಈ ಸಂಖ್ಯೆಯ ಮೇಲೆ ಒಂದು ವ್ಯಾಪಾರವೇ ನಡೆಯುತ್ತದೆ ಎಂದರೆ ಆಶ್ಚರ್ಯವಾಗಬಹುದು. ಸೊರಬ ತಾಲ್ಲೂಕು, ಪಕ್ಕದ ಬನವಾಸಿ ಸೀಮೆ ಅನಾನಸ್ ಬೆಳೆಗೆ ಹೆಸರಾದವು. ಹಣ್ಣು ಎಷ್ಟು ಸಿಹಿ ಎಂದು ನಾಲಿಗೆಗೆ ಬಿಡದೆ ಅಳೆಯಲು ರಿಫ್ರ್ಯಾಕ್ಟೋಮೀಟರ್ ಎಂಬ ಗೇಣುದ್ದದ ಕೊಳವೆ ಇದೆ. ತುದಿಯಲ್ಲಿ ಓರೆಯಾಗಿ ಕತ್ತರಿಸಿದ ಗಾಜು, ಅದರ ಮೇಲೆ ತೆಗೆದು ಮುಚ್ಚುವ ಪ್ಲಾಸ್ಟಿಕ್ ಮುಚ್ಚಳ. ಎರಡು ಹನಿ ರಸ ಹಿಂಡಿ ಮುಚ್ಚಳ ಒತ್ತಿ, ಗಾಳಿಗುಳ್ಳೆ ಇಲ್ಲದಂತೆ ನೋಡಿಕೊಂಡು, ಬೆಳಕಿನ ಕಡೆಗೆ ಹಿಡಿದು ಕಣ್ಣಿಟ್ಟರೆ ಒಳಗೆ ದುಂಡನೆಯ ಬಯಲು ಕಾಣುತ್ತದೆ. ಮೇಲಿನ ಭಾಗ ನೀಲಿ, ಕೆಳಗಿನದು ಬಿಳಿ, ನಡುವೆ ಗೆರೆ ಎಳೆದಂಥ ಅಂಚು. ಅಂಚು ಯಾವ ಸಂಖ್ಯೆಯ ಮೇಲೆ ನಿಂತಿದೆಯೋ ಅದೇ ಆ ರಸದ ಬ್ರಿಕ್ಸ್. ಬರೀ ನೀರು ಹಾಕಿದರೆ ಅಂಚು ಸೊನ್ನೆಯಲ್ಲಿ ನಿಲ್ಲುತ್ತದೆ. ಸಕ್ಕರೆ ಕರಗಿದಷ್ಟೂ ಬೆಳಕು ಇನ್ನಷ್ಟು ನಿಧಾನವಾಗುತ್ತದೆ, ಅಂಚು ಮೇಲೇರುತ್ತದೆ. 12 ಬ್ರಿಕ್ಸ್ ಎಂದರೆ ನೂರು ಗ್ರಾಂ ರಸದಲ್ಲಿ ಕರಗಿರುವುದು ಸುಮಾರು 12 ಗ್ರಾಂ, ಅದರಲ್ಲಿ ಬಹುಪಾಲು ಸಕ್ಕರೆ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಅನಾನಸ್ ಹಣ್ಣಿಗೆ ಕನಿಷ್ಠ ಇಷ್ಟು ಇರಬೇಕು. ನೀರಿನ 1.333 ಅಷ್ಟು ಸಿಹಿಗೆ 1.351ರ ಹತ್ತಿರ ಬರುತ್ತದೆ. ಎರಡನೇ ದಶಾಂಶದಲ್ಲಿ ಆಗುವ ಈ ಸಣ್ಣ ವ್ಯತ್ಯಾಸದಿಂದ ಹಣ್ಣಿನ ಬೆಲೆ ಏರಬಹುದು, ಇಳಿಯಬಹುದು. ಬೆಳೆಗಾರರ ಕೈಯಲ್ಲೂ ಇಂಥದೊಂದು ಕೊಳವೆ ಇದ್ದರೆ ಹಣ್ಣಿಗೆ ಸಿಹಿ ಸಾಲದು ಎನ್ನುವ ಮಾತಿಗೆ ಅಲ್ಲೇ ಉತ್ತರ ಕೊಡಬಹುದು. ಜೇನಿನಲ್ಲಿ ನೀರಿನ ಅಂಶ ಎಷ್ಟಿದೆ ಎಂದು ನೋಡುವುದೂ ಇದೇ ವಿಧಾನದಲ್ಲಿ.

ಮತ್ತೆ ನೀರಿಗೆ ಬರೋಣ. ಸೊರಬದ ಗುಡವಿ ಪಕ್ಷಿಧಾಮದಲ್ಲಿ ಮಳೆಗಾಲದ ಹೊತ್ತಿಗೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳೆಲ್ಲ ಬಂದು ಮರ ತುಂಬುತ್ತವೆ. ಬೆಳ್ಳಕ್ಕಿ ಗಾಳಿಯಲ್ಲಿ ಕಣ್ಣಿಟ್ಟು ನೀರಿನೊಳಗಿನ ಮೀನಿಗೆ ಕೊಕ್ಕು ಹಾಕುತ್ತದೆ. ಹಾಗಾದರೆ ಅದು ಕಂಡ ಮೀನಿಗೂ ಇರುವ ಮೀನಿಗೂ ನಡುವಿನ ಅಂತರವನ್ನು ಸರಿಮಾಡಿಕೊಳ್ಳಲೇಬೇಕು. 1980ರ ದಶಕದಲ್ಲಿ ಇಸ್ರೇಲಿನ ಗಾಡಿ ಕಟ್ಜಿರ್ ಮತ್ತು ಸಂಗಡಿಗರು ಬೆಳ್ಳಕ್ಕಿಯ ಹತ್ತಿರದ ಬಂಧುವಾದ ಕಡಲಂಚಿನ ಬಕಗಳನ್ನು ಇಟ್ಟುಕೊಂಡು ಇದನ್ನು ಪರೀಕ್ಷಿಸಿದರು. ಆ ಬಕ ನಮ್ಮ ಪಶ್ಚಿಮ ಕರಾವಳಿಯಲ್ಲೂ ಕಾಣಸಿಗುತ್ತದೆ. ಹಕ್ಕಿ ಕೊಕ್ಕು ಹಾಕುವ ಮುನ್ನ ತಲೆಯನ್ನು ಒಂದು ನಿಲುವಿಗೆ ತಂದುಕೊಳ್ಳುತ್ತದೆ. ಆ ನಿಲುವಿನಲ್ಲಿ ಕಂಡ ಆಳಕ್ಕೂ ನಿಜವಾದ ಆಳಕ್ಕೂ ಒಂದು ಗೊತ್ತಾದ ಸಂಬಂಧ ಇರುತ್ತದೆ ಎಂಬುದು ಅವರು ಕಂಡದ್ದು. ಬೆಳ್ಳಕ್ಕಿ ಕುತ್ತಿಗೆ ಓಲಿಸಿ ನಿಂತು, ಮತ್ತೆ ತುಸು ಸರಿದು, ಆಮೇಲೆ ಮಿಂಚಿನಂತೆ ಕೊಕ್ಕು ಇಳಿಸುವುದನ್ನು ಗದ್ದೆಯ ಬದುವಿನಲ್ಲಿ ಕಂಡವರು ಈ ಮಾತನ್ನು ನೆನೆದುಕೊಂಡು ಇನ್ನೊಮ್ಮೆ ನೋಡಬೇಕು.

ಹಾವಕ್ಕಿಯ ದಾರಿ ಬೇರೆ. ಅದು ಮುಳುಗಿ ನೀರೊಳಗೇ ಮೀನನ್ನು ಬೆನ್ನಟ್ಟುತ್ತದೆ, ಈಟಿಯಂಥ ಕೊಕ್ಕಿನಿಂದ ತಿವಿಯುತ್ತದೆ. ಮೀನೂ ಕಣ್ಣೂ ಒಂದೇ ನೀರಿನಲ್ಲಿ ಇರುವುದರಿಂದ ದಾರಿಯಲ್ಲಿ ಬಾಗು ಇಲ್ಲ. ಅದರ ಕಷ್ಟ ಕಣ್ಣಿನೊಳಗಿನದು. ಕಣ್ಣು ಬಿಂಬ ಮೂಡಿಸುವುದೂ ವಕ್ರೀಭವನದಿಂದಲೇ. ಮನುಷ್ಯನ ಕಣ್ಣಿನಲ್ಲಿ ಸುಮಾರು ಮೂರನೇ ಎರಡು ಪಾಲು ಬಾಗು ಮುಂದಿನ ಪಾರದರ್ಶಕ ಪಟಲ ಗಾಳಿಗೆ ತಾಗುವಲ್ಲೇ ಆಗುತ್ತದೆ, ಒಳಗಿನ ಮಸೂರದ ಪಾಲು ಉಳಿದದ್ದು. ಆ ಪಟಲದ ಸೂಚ್ಯಂಕ ನೀರಿನದಕ್ಕೆ ತೀರ ಹತ್ತಿರ. ಹಾಗಾಗಿ ಕೆರೆಯಲ್ಲಿ ಮುಳುಗಿ ಕಣ್ಣು ಬಿಟ್ಟರೆ ಆ ಬಾಗು ಹೋಗಿಬಿಡುತ್ತದೆ, ಎಲ್ಲವೂ ಮಸುಕು. ಈಜುವವರ ಕನ್ನಡಕ ಕಣ್ಣಿನ ಮುಂದೆ ಒಂದಿಷ್ಟು ಗಾಳಿಯನ್ನು ಹಿಡಿದಿಟ್ಟು ಹೋದ ಬಾಗನ್ನು ಮರಳಿ ಕೊಡುತ್ತದೆ. ಮುಳುಗಿ ಬೇಟೆಯಾಡುವ ನೀರುಕಾಗೆ ಒಳಗಿನ ಮಸೂರವನ್ನೇ ಬಲವಾಗಿ ಉಬ್ಬಿಸಿಕೊಂಡು ಆ ನಷ್ಟ ತುಂಬಿಕೊಳ್ಳುತ್ತದೆ.

ಮೀನಿನ ಕಡೆಯಿಂದ ನೋಡಿದರೆ ಇನ್ನೂ ವಿಚಿತ್ರ. ನೀರೊಳಗಿಂದ ಹೊರಡುವ ಬೆಳಕು ಲಂಬದಿಂದ 48.6 ಡಿಗ್ರಿಗಿಂತ ಹೆಚ್ಚು ಓರೆಯಾದರೆ ಹೊರಗೆ ಬರುವುದೇ ಇಲ್ಲ, ಪೂರ್ತಿ ಒಳಕ್ಕೆ ಮರಳುತ್ತದೆ. ಹೊರಗಿನ ಬೆಳಕು ಒಳಬರುವ ದಾರಿಯೂ ಅದೇ ಕೋನದೊಳಗೆ. ಇದರಿಂದ ಮೀನಿಗೆ ಮೇಲಿನ ಇಡೀ ಜಗತ್ತು, ದಡದ ಮರ, ಏರಿ, ನಿಂತ ಮನುಷ್ಯ, ಎಲ್ಲವೂ ತಲೆಯ ಮೇಲಿನ ಒಂದು ದುಂಡು ಕಿಟಕಿಯೊಳಗೆ ಒತ್ತರಿಸಿಕೊಂಡು ಕಾಣುತ್ತವೆ. ಆ ಕಿಟಕಿಯ ಆಚೆ ನೀರಿನ ಮೇಲ್ಮೈ ಕನ್ನಡಿಯಾಗಿ ಕೆರೆಯ ತಳವನ್ನೇ ತೋರಿಸುತ್ತದೆ. ದಡದಲ್ಲಿ ಎದ್ದು ನಿಂತವನು ಕಿಟಕಿಯ ಅಂಚಿನಿಂದ ಒಳಗೆ ಬರುತ್ತಾನೆ, ಕುಕ್ಕುರುಗಾಲಲ್ಲಿ ಕೂತವನು ಅಂಚಿನಲ್ಲೇ ಅಪ್ಪಚ್ಚಿಯಾಗಿ ಅಡಗಿರುತ್ತಾನೆ. ಗಾಳ ಹಾಕುವವರು ಕೂತೇ ಹಾಕುವುದರಲ್ಲಿ ಅರ್ಥವಿದೆ.

ಈ ಎಲ್ಲದರಲ್ಲಿ ನನ್ನನ್ನು ಹೆಚ್ಚು ಕಾಡುವುದು ಆಳದ ವಿಷಯ. ಶಿಕಾರಿಪುರ, ಸೊರಬ ಎರಡೂ ಕೆರೆಗಳ ಸೀಮೆ. ತಾಳಗುಂದದ ಪ್ರಣವೇಶ್ವರ ದೇವಾಲಯದ ಎದುರಿನ ಕಂಬದಲ್ಲಿ ಕವಿ ಕುಬ್ಜ ಬರೆದ ಐದನೇ ಶತಮಾನದ ಶಾಸನ, ಕದಂಬರ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ದಾಖಲಿಸುತ್ತದೆ. ಶಿಕಾರಿಪುರ ಪಟ್ಟಣಕ್ಕೆ ಹುಚ್ಚರಾಯನ ಕೆರೆ ಇದೆ, ಕುಮುದ್ವತಿ ನದಿಗೆ ಅಂಜನಾಪುರದ ಜಲಾಶಯ ಇದೆ. ಹಳ್ಳಿ ಹಳ್ಳಿಗೂ ಒಂದೆರಡು ಕೆರೆ. ಹದಿನೈದು ಶತಮಾನದಿಂದ ನೀರಿನ ಪಕ್ಕದಲ್ಲೇ ಬದುಕಿದ ಜನಕ್ಕೆ ಕೆರೆ ಎಲ್ಲಿ ಇಳಿಜಾರು, ಎಲ್ಲಿ ಗುಂಡಿ, ತೂಬಿನ ಹತ್ತಿರ ಯಾಕೆ ಹೋಗಬಾರದು ಎಂಬುದು ಹಿರಿಯರ ಬಾಯಿಂದ ಬರುತ್ತಿತ್ತು. ಈಗ ಹೊಸ ಬಗೆಯ ನೀರು ಬಂದಿದೆ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ, ಕಲ್ಲು ತೆಗೆದು ಬಿಟ್ಟುಹೋದ ಜಂಬಿಟ್ಟಿಗೆ ಕ್ವಾರಿ. ಇವುಗಳ ಬಗ್ಗೆ ಹೇಳುವ ಹಿರಿಯರಿಲ್ಲ. ಬೇಸಿಗೆ ರಜೆಯಲ್ಲಿ ಹೊಂಡಕ್ಕೆ ಇಳಿದ ಮಕ್ಕಳ ಸಾವಿನ ಸುದ್ದಿ ರಾಜ್ಯದ ಒಂದಲ್ಲ ಒಂದು ಕಡೆಯಿಂದ ಪ್ರತಿ ವರ್ಷ ಬರುತ್ತದೆ.

ಕೆರೆಯ ನೀರು ಕೆಂಪಗೆ, ಬಗ್ಗಡವಾಗಿ ಇರುವುದೇ ಹೆಚ್ಚು. ತಳ ಕಾಣದ ನೀರಿಗೆ ಮಕ್ಕಳು ಹೆದರುತ್ತಾರೆ. ಹೊಂಡದಲ್ಲಿ, ಕ್ವಾರಿಯಲ್ಲಿ ಮಣ್ಣು ಕೆಳಗೆ ಕೂತು ನೀರು ತಿಳಿಯಾಗುತ್ತದೆ, ತಳ ಕಾಣುತ್ತದೆ, ಕಂಡದ್ದನ್ನು ಮಕ್ಕಳು ನಂಬುತ್ತಾರೆ. ನೇರ ಮೇಲಿಂದ ಬಗ್ಗಿ ನೋಡಿದರೆ ಆಳ ಮುಕ್ಕಾಲು ಪಾಲು ಮಾತ್ರ ಕಾಣುತ್ತದೆ ಎಂದು ಪಠ್ಯಪುಸ್ತಕ ಹೇಳುತ್ತದೆ. ಅದು ಸರಿ. ಆದರೆ ದಡದಲ್ಲಿ ನಿಂತ ಮಗು ನೇರ ಕೆಳಗೆ ನೋಡುವುದಿಲ್ಲ, ಓರೆಯಾಗಿ ನೋಡುತ್ತದೆ. ಹತ್ತು ವರ್ಷದ ಹುಡುಗನ ಕಣ್ಣು ನೀರಿನಿಂದ ನಾಲ್ಕು ಅಡಿ ಮೇಲಿದ್ದು, ಅವನ ನೋಟ ಎರಡು ಮೀಟರ್ ಆಚೆ ನೀರಿಗೆ ತಾಗಿದರೆ, ಲಂಬದಿಂದ ಹೆಚ್ಚುಕಡಿಮೆ 60 ಡಿಗ್ರಿ ಓರೆ. ಆ ಕೋನದಲ್ಲಿ ಆಳ ಅರ್ಧಕ್ಕೆ ಇಳಿದು ಕಾಣುತ್ತದೆ. ಇನ್ನೂ ದೂರ ನೋಡಿದರೆ, 75 ಡಿಗ್ರಿಯಲ್ಲಿ, ಕಾಲು ಪಾಲಿಗಿಂತ ತುಸು ಹೆಚ್ಚು ಅಷ್ಟೇ.

ಮೂರು ಮೀಟರ್ ಆಳದ ಕೃಷಿ ಹೊಂಡ ನಮ್ಮಲ್ಲಿ ಸಾಮಾನ್ಯ. ಅದರಲ್ಲಿ ಎರಡು ಮೀಟರ್ ನೀರಿದೆ ಎನ್ನಿ. ಆ ಹುಡುಗನ ಕಣ್ಣಿಗೆ ಅದು ಒಂದು ಮೀಟರ್, ಅವನ ಎದೆಮಟ್ಟ. ನಿಜದಲ್ಲಿ ಅವನ ತಲೆಯ ಮೇಲೆ ಇನ್ನೂ ಎರಡು ಅಡಿ ನೀರು. ಇಳಿಜಾರಿಗೆ ಹಾಸಿದ ಪ್ಲಾಸ್ಟಿಕ್ ಪಾಚಿಗಟ್ಟಿ ಜಾರುತ್ತದೆ, ಕಾಲಿಟ್ಟ ಮೇಲೆ ಹಿಂದೆ ಹತ್ತಲು ಹಿಡಿತ ಸಿಗುವುದಿಲ್ಲ. ಹುಡುಗ ಉಡಾಳತನದಿಂದ ಇಳಿದ ಎಂದು ಜನ ಆಡಿಕೊಳ್ಳುತ್ತಾರೆ. ಅವನು ಇಳಿಯುವ ಮೊದಲು ಆಳ ನೋಡಿಯೇ ಇಳಿದಿರುತ್ತಾನೆ.

ಇದನ್ನು ಕಲಿಸಲು ಪ್ರಯೋಗಾಲಯ ಬೇಡ. ಹತ್ತಡಿಯ ಒಂದು ನೇರ ಬಿದಿರು ಗಳ, ಕೆಂಪು ಬಟ್ಟೆಯ ಚಿಂದಿ ಸಾಕು. ಗೇಣಿಗೊಂದರಂತೆ ಚಿಂದಿ ಕಟ್ಟಿ, ದೊಡ್ಡವರು ದಡದಲ್ಲಿ ನಿಂತು ಗಳವನ್ನು ತಿಳಿನೀರಿಗೆ ನೆಟ್ಟಗೆ ಇಳಿಸಿ ಹಿಡಿದರೆ ಮಕ್ಕಳು ದೂರದಿಂದಲೇ ನೋಡಬಹುದು. ನೀರಿನ ಮೇಲಿನ ಚಿಂದಿಗಳ ನಡುವೆ ಗೇಣು ಗೇಣು ಅಂತರ ಇರುತ್ತದೆ, ನೀರಿನೊಳಗಿನವು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ದೂರ ಸರಿದಷ್ಟೂ ಇನ್ನೂ ಒತ್ತಿಕೊಳ್ಳುತ್ತವೆ. ಮುಳುಗಿದ ಭಾಗ ಎಷ್ಟು ಗೇಣು ಕಾಣುತ್ತದೆ ಎಂದು ಮೊದಲು ಮಕ್ಕಳಿಂದ ಹೇಳಿಸಿ, ಆಮೇಲೆ ಗಳ ಎತ್ತಿ ಒದ್ದೆಯಾದ ಚಿಂದಿಗಳನ್ನು ಅವರಿಂದಲೇ ಎಣಿಸಬೇಕು. ಹತ್ತನೇ ತರಗತಿಯವರೆಗೆ ಕಾಯುವುದು ತಡವಾಯಿತು, ನಾಲ್ಕನೇ ತರಗತಿಗೇ ಇದು ಬರಬೇಕು. ಹೊಂಡಕ್ಕೆ ಬೇಲಿ ಹಾಕುವುದರ ಜೊತೆಗೆ, ಹೊಂಡದ ನಾಲ್ಕೂ ಮೂಲೆಯಲ್ಲಿ ಕಂಬ ನೆಟ್ಟು, ತಳದಿಂದ ಅಳೆದ ಆಳವನ್ನು ಅಡಿಗಳಲ್ಲಿ ದಪ್ಪ ಅಕ್ಷರದಲ್ಲಿ ಬರೆಸಲಿ. ಗಂಟು ಹಾಕಿದ ಹಗ್ಗವೊಂದನ್ನು ದಡದ ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟಿರಲಿ. ಒಂದು ಡಬ್ಬಿ ಬಣ್ಣ, ಇಪ್ಪತ್ತು ಅಡಿ ಹಗ್ಗ. ಗ್ರಾಮ ಪಂಚಾಯಿತಿ ಮನಸ್ಸು ಮಾಡಿದರೆ ಬರುವ ಬೇಸಿಗೆ ರಜೆಯ ಒಳಗೆ ಮುಗಿಯುವ ಕೆಲಸ.